ಗೋಡೆಗೆ ಸಲ್ಲದ ಕೃತಜ್ಞತೆ

ಮನುಷ್ಯನು ಮನುಷ್ಯನನ್ನು ದೂರವಿರಿಸುವುದಕ್ಕಾಗಿ ಗೆರೆಯೆಳೆದು ಬೇರ್ಪಡಿಸಿದ ಒಂದು ಕೇರಿಯಲ್ಲಿ, ಆ ಗೆರೆಯ ಒಳಗೆಯೇ ಹುಟ್ಟಿ ಬೆಳೆದ ಮಹಾನುಭಾವನೊಬ್ಬನಿಂದ ಲೋಕಕ್ಕೆಲ್ಲ ಒಳಿತಾಯಿತೆಂದಾದರೆ, ಅವನು ಹುಟ್ಟಿದ ಮನೆಯ ಹೊಸ್ತಿಲಿಗೆ ನಾವು ತಲೆಬಾಗುವಾಗ ನಮ್ಮ ನಮಸ್ಕಾರವು ಯಾರಿಗೆ ಸಲ್ಲುತ್ತದೆ? ಆ ಮನೆಯಲ್ಲಿ ದೀಪ ಹಚ್ಚಿದವರಿಗೆ ಮಾತ್ರವೋ, ಇಲ್ಲವೆ ಅವರನ್ನು ಅಲ್ಲಿಯೇ ಇರಗೊಟ್ಟ ಗೆರೆಗೂ ಅದರಲ್ಲೊಂದು ಪಾಲು ಉಂಟೋ? ಪ್ರಶ್ನೆಯು ಮೇಲುನೋಟಕ್ಕೆ ಕುತರ್ಕದಂತೆ ತೋರಬಹುದು. ಆದರೆ ಕೆಡುಕು ಏಕಿದೆ ಎಂಬ ಪುರಾತನ ಸಂಶಯಕ್ಕೆ ಲೋಕದ ಮತಧರ್ಮಗಳು ಕೊಡುತ್ತ ಬಂದಿರುವ ಸಮಾಧಾನಗಳಲ್ಲಿ ಅತ್ಯಂತ ಜನಪ್ರಿಯವಾದುದು, ಭಗವಂತನು ಕೆಡುಕಿನ ಗರ್ಭದಿಂದಲೇ ಒಳಿತನ್ನು ತೆಗೆಯುತ್ತಾನೆಂಬುದು: ಹಾಲಾಹಲವಿಲ್ಲದೆ ಅಮೃತವಿಲ್ಲ, ವನವಾಸವಿಲ್ಲದೆ ರಾಮಾಯಣವಿಲ್ಲ, ಶಿಲುಬೆಯಿಲ್ಲದೆ ಪುನರುತ್ಥಾನವಿಲ್ಲ. ಈ ಸಮಾಧಾನವನ್ನು ಒಪ್ಪಿದ ಮರುಕ್ಷಣವೇ ರಾಮನಿಗೆ ಕೈಮುಗಿದವನು ಕೈಕೇಯಿಗೂ ಕೈಮುಗಿಯಬೇಕಾಗುತ್ತದೆ. ಮುಗಿಯದಿದ್ದರೆ ಏಕೆ ಮುಗಿಯಲೊಲ್ಲೆನೆಂದು ಹೇಳಬೇಕಾಗುತ್ತದೆ. ಆ 'ಏಕೆ' ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇನೆ.

ಅಮೆರಿಕದ ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ನಗರದಲ್ಲಿ, ಆಬರ್ನ್ ಅವೆನ್ಯೂ ಎಂಬ ಬೀದಿಯ 501ನೆಯ ಸಂಖ್ಯೆಯ ಮನೆಯೊಂದಿದೆ. 1895ರಲ್ಲಿ ಬಿಳಿಯರ ಕುಟುಂಬವೊಂದಕ್ಕಾಗಿ ಕಟ್ಟಿದ ಎರಡಂತಸ್ತಿನ ಮರದ ಮನೆ ಅದು. 1906ರ ಸೆಪ್ಟೆಂಬರಿನಲ್ಲಿ ಆ ನಗರದ ಬಿಳಿಯರ ಗುಂಪುಗಳು ಕರಿಯರ ಮೇಲೆ ಬಿದ್ದು ಕೊಲೆ ಸುಲಿಗೆಗಳನ್ನು ನಡೆಸಿದ ಮೇಲೆ ಅಲ್ಲಿನ ವಾಸದ ರೀತಿಯೇ ಬದಲಾಯಿತು. ಬಿಳಿಯರು ಆಬರ್ನ್ ಬೀದಿಯನ್ನು ಬಿಡತೊಡಗಿದರು, ನಗರದ ಇತರ ಭಾಗಗಳಲ್ಲಿ ಬಾಳಲು ಅಂಜಿದ ಕರಿಯರು ಅಲ್ಲಿಗೆ ಬಂದು ನೆಲೆಸತೊಡಗಿದರು. ಸಮೀಪದ ಎಬೆನೀಜರ್ ಬ್ಯಾಪ್ಟಿಸ್ಟ್ ಇಗರ್ಜಿಯ ಉಪದೇಶಕರಾಗಿದ್ದ ಎ. ಡಿ. ವಿಲಿಯಮ್ಸ್ ಎಂಬವರು 1909ರಲ್ಲಿ 3,500 ಡಾಲರು ಕೊಟ್ಟು ಈ ಮನೆಯನ್ನು ಕೊಂಡರು. ಅವರ ಮಗಳು ಆಲ್ಬರ್ಟಾ ಮದುವೆಯಾದ ಮೇಲೆಯೂ ಗಂಡನೊಡನೆ ಇದೇ ಮನೆಯಲ್ಲಿ ಉಳಿದಳು. 1929ರ ಜನವರಿ 15ರಂದು ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದು ಈ ಮನೆಯ ಮಹಡಿಯ ಕೋಣೆಯಲ್ಲಿ. ಅಜ್ಜಿ ತೀರಿಕೊಂಡ 1941ರವರೆಗೆ ಅವನು ಬೆಳೆದದ್ದೂ ಅಲ್ಲಿಯೇ. ಇಂದು ಆ ಮನೆ ರಾಷ್ಟ್ರದ ಸ್ವತ್ತು. ದೂರದೂರದಿಂದ ಬಂದವರು ಅದರ ಮುಂದೆ ಮೌನವಾಗಿ ನಿಲ್ಲುತ್ತಾರೆ. ಅದು ತೀರ್ಥವೇ. ತೀರ್ಥವೆಂದ ಮೇಲೆ ಅದರ ಮಾಹಾತ್ಮ್ಯವನ್ನು ಹೇಳುವವರು ಇರಬೇಕು, ಹೇಳುವವರಿಂದ ಮಾಹಾತ್ಮ್ಯವು ಸ್ವಲ್ಪಸ್ವಲ್ಪವೇ ಬೇರೆ ಬಣ್ಣಕ್ಕೆ ತಿರುಗುವುದೂ ಸ್ವಾಭಾವಿಕ.

ಆ ಬಣ್ಣ ಯಾವುದೆಂದರೆ: ಬೇರ್ಪಡಿಸಲ್ಪಟ್ಟ ಆ ಬೀದಿಯು ಬೇರ್ಪಟ್ಟಿದ್ದರಿಂದಲೇ ಏಳಿಗೆ ಹೊಂದಿತೆಂಬ ಮಾತು. ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಗುಲಾಮಗಿರಿಯಲ್ಲಿ ಹುಟ್ಟಿ, ಕ್ಷೌರಿಕನಾಗಿ ದುಡಿದು, ಕೊನೆಗೆ ದೊಡ್ಡದೊಂದು ವಿಮಾ ಸಂಸ್ಥೆಯನ್ನು ಕಟ್ಟಿದ ಅಲಾಂಜೊ ಹರ್ಂಡನ್ನನ ಕಚೇರಿ ಇದ್ದದ್ದು ಆ ಬೀದಿಯಲ್ಲಿ. ಕರಿಯರದೇ ಆದ ಬ್ಯಾಂಕು, ಕರಿಯರದೇ ಆದ ದಿನಪತ್ರಿಕೆ, ಇಗರ್ಜಿಗಳು, ಅಂಗಡಿಗಳು, ಸಂಗೀತಶಾಲೆಗಳು ಅಲ್ಲಿ ಒತ್ತೊತ್ತಾಗಿ ಬೆಳೆದುವು. ಬೇರೆಲ್ಲಿಯೂ ಹೋಗಗೊಡದ ಕಾರಣ ವೈದ್ಯನೂ ಕೂಲಿಯವನೂ ಒಂದೇ ಬೀದಿಯಲ್ಲಿ ಬಾಳಬೇಕಾಯಿತು. ಕಿಂಗ್ ಕುಟುಂಬದ ಎರಡಂತಸ್ತಿನ ಮನೆಯೆದುರಿಗೆ ಬಡವರ ಇಕ್ಕಟ್ಟಾದ ಸಾಲುಮನೆಗಳಿದ್ದುವು. 1964ರ ಶಾಸನವು ಬೇರ್ಪಡಿಕೆಯನ್ನು ನಿಷೇಧಿಸಿದ ಮೇಲೆ ಹಣವಂತರು ಅನ್ಯತ್ರ ತೆರಳಿದರು, ಅಷ್ಟರಲ್ಲಿಯೇ ಹೆದ್ದಾರಿಯೊಂದು ಕೇರಿಯನ್ನು ನಡುವೆ ಸೀಳಿಕೊಂಡು ಹೋಗಿತ್ತು, ಬೀದಿ ಬಡವಾಯಿತು. ಆ ಹಿಂದಿನ ದಿನಗಳನ್ನು ಕಂಡ ವೃದ್ಧರು, ಆಗ ನಾವೆಲ್ಲ ಒಂದಾಗಿದ್ದೆವು ಎಂದು ನಿಟ್ಟುಸಿರಿಟ್ಟರೆ ಅವರನ್ನು ತಪ್ಪೆನ್ನುವ ಅಧಿಕಾರ ನಮಗಿಲ್ಲ. ಆದರೆ ಅದೇ ನಿಟ್ಟುಸಿರನ್ನು ಕಡ ತಂದು, ಹಾಗಿದ್ದರೆ ಬೇರ್ಪಡಿಕೆಯಿಂದಲೂ ಉಪಕಾರವಾಯಿತಲ್ಲವೆ ಎಂದು ಗೆರೆಯೆಳೆದವರ ಮೊಮ್ಮಕ್ಕಳು ಕೇಳತೊಡಗಿದರೆ, ಎಲ್ಲಿಯೋ ಒಂದು ಅನಾಹುತವಾದಂತೆ ಮನಸ್ಸು ಹಿಂಜರಿಯುತ್ತದೆ. ಶಬ್ದಗಳು ಅವೇ, ಆಡಿದವರು ಬೇರೆ.

ಅಂಕೋಲೆ ತಾಲೂಕಿನ ಬೇಲೆಕೇರಿಯ ಕಡಲಂಚಿನಲ್ಲಿ ಕುಳಿತು ಬರೆಯುವವನಿಗೆ ಇದು ಪರದೇಶದ ವಾರ್ತೆಯಾಗಿ ಮಾತ್ರ ಉಳಿಯಲಾರದು. ನಮ್ಮ ಈ ಕರಾವಳಿಯಲ್ಲಿ ಮರಳದಿಣ್ಣೆಯ ಮೇಲೆ ಮೀನುಗಾರರ ಮನೆಗಳು, ಗದ್ದೆಬಯಲಿನ ಬದಿಯಲ್ಲಿ ಹಾಲಕ್ಕಿ ಒಕ್ಕಲಿಗರ ಕೊಪ್ಪ, ಊರು ಮುಗಿಯುವಲ್ಲಿ ಆಗೇರರ ಕೇರಿ, ಹೀಗೆ ಯಾರು ಎಲ್ಲಿರಬೇಕೆಂಬುದನ್ನು ಯಾವ ಶಾಸನವೂ ಬರೆದಿಡಲಿಲ್ಲ. ಬರೆಯದೆಯೇ ಅದು ಎಲ್ಲರಿಗೂ ತಿಳಿದಿತ್ತು. 1930ರ ಏಪ್ರಿಲಿನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅದರ ಬೆನ್ನಿಗೆ ನಡೆದ ಕರನಿರಾಕರಣೆಯಲ್ಲಿ ರೈತರು ಮನೆಮಾರುಗಳನ್ನು ಕಳೆದುಕೊಂಡು ಈ ತಾಲೂಕಿಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರನ್ನು ತಂದುಕೊಟ್ಟರು. ಆ ಕೀರ್ತಿ ನಮ್ಮದು. ತಲೆಮಾರುಗಳಿಂದ ಆಗರದ ನೀರಿನಲ್ಲಿ ನಿಂತು ಉಪ್ಪು ತೆಗೆಯುತ್ತ ಬಂದ ಆಗೇರರ ಮನೆಗಳು ಊರಿನ ಅಂಚಿನಲ್ಲಿಯೇ ಇದ್ದುವೆಂಬುದೂ ನಮ್ಮದೇ. ಅವರು ತೆಗೆದ ಉಪ್ಪು ಎಲ್ಲರ ಅಡುಗೆಮನೆಯನ್ನು ಹೊಕ್ಕಿತು, ಅವರು ಹೊಗಲಿಲ್ಲ. ಗುಜರಾತದ ಆ ಮೂಲ ಬಾರ್ಡೋಲಿಯಲ್ಲಿಯೇ 1936ರಲ್ಲಿ, ಅಮೆರಿಕದಿಂದ ಬಂದ ಹೋವರ್ಡ್ ಥರ್ಮನ್ ಎಂಬ ಕರಿಯ ಧರ್ಮೋಪದೇಶಕರು ಗಾಂಧೀಜಿಯನ್ನು ಕಂಡರು. ಅಹಿಂಸೆಯ ಅಪ್ಪಟ ಸಂದೇಶವು ಲೋಕಕ್ಕೆ ತಲಪುವುದು ಪ್ರಾಯಶಃ ನಿಮ್ಮ ಜನರ ಮೂಲಕವೇ ಎಂಬರ್ಥದ ಮಾತನ್ನು ಗಾಂಧೀಜಿ ಅವರಿಗೆ ಹೇಳಿದರು. ಆಗ ಆಬರ್ನ್ ಬೀದಿಯ ಬಾಲಕನಿಗೆ ಏಳು ವರ್ಷ. ಅದಕ್ಕೆ ಸ್ವಲ್ಪ ಮುಂಚೆ, ಅವನ ಜೊತೆಗೆ ಆಡುತ್ತಿದ್ದ ಬಿಳಿಯ ಹುಡುಗನನ್ನು ಶಾಲೆಗೆ ಸೇರಿಸಿದೊಡನೆ, ಇನ್ನು ಮುಂದೆ ಆ ಕರಿಯನೊಡನೆ ಆಡಬೇಡವೆಂದು ಆ ಬಿಳಿಯ ಹುಡುಗನ ತಂದೆ ತಡೆದಿದ್ದನು. ನೊಂದು ಬಂದ ಮಗನನ್ನು ತಾಯಿ ಆಲ್ಬರ್ಟಾ ಕೂರಿಸಿಕೊಂಡು ಗುಲಾಮಗಿರಿಯ ಚರಿತ್ರೆಯನ್ನೆಲ್ಲ ಹೇಳಿ, ನೀನು ಯಾರಿಗೂ ಕಡಿಮೆಯಲ್ಲವೆಂದು ಸಂತೈಸಿದಳು. ಆ ಮನೆಯ ಪಾವಿತ್ರ್ಯವೆಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಬೆರಳಿಟ್ಟು ತೋರಿಸುವುದು ಈ ಒಂದು ಗಳಿಗೆಯನ್ನು. ಗೆರೆಯು ಹುಡುಗನಿಗೆ ಕಲಿಸಿದ್ದು ನೀನು ಕೀಳೆಂಬುದನ್ನು. ಅದಕ್ಕೆ ವಿರುದ್ಧವಾದುದನ್ನು ಕಲಿಸಿದವಳು ತಾಯಿ. ಅವನಿಂದ ಲೋಕಕ್ಕಾದ ಒಳಿತೆಲ್ಲ ತಾಯಿಯ ಪಾಠದಿಂದ ಬಂದುದೇ ಹೊರತು ಗೆರೆಯ ಪಾಠದಿಂದ ಬಂದುದಲ್ಲ.

ಈ ವಿವೇಕವು ನಮ್ಮಲ್ಲಿ ತಪ್ಪಿಹೋಗಿರುವ ಸ್ಥಳವೊಂದು ಉಡುಪಿಯಲ್ಲಿದೆ. ದೇವಾಲಯದೊಳಕ್ಕೆ ಪ್ರವೇಶ ಸಿಕ್ಕದ ಕನಕದಾಸರು ಹಿಂಬದಿಯಲ್ಲಿ ನಿಂತು ಮೊರೆಯಿಡಲು, ಗೋಡೆ ಬಿರಿದು ಶ್ರೀಕೃಷ್ಣನು ಪಶ್ಚಿಮಾಭಿಮುಖನಾಗಿ ತಿರುಗಿ ದರ್ಶನವಿತ್ತನೆಂಬ ಐತಿಹ್ಯವನ್ನು ಕೇಳದ ಕನ್ನಡಿಗನಿಲ್ಲ. ಆ ಕಿಂಡಿಗೆ ನಾವು ಶತಮಾನಗಳಿಂದ ಕೈಮುಗಿಯುತ್ತಿದ್ದೇವೆ, ಮುಗಿಯುವುದು ಯೋಗ್ಯವೂ ಆಗಿದೆ. ಆದರೆ ಐತಿಹ್ಯದೊಳಗಿನ ಪರಮಾತ್ಮನು ಏನು ಮಾಡಿದನೆಂಬುದನ್ನು ಗಮನಿಸಬೇಕು. ಅವನು ಗೋಡೆಯನ್ನು ಒಡೆದನು. ಒಳಗಿದ್ದವರಿಗೆ ಬೆನ್ನು ತೋರಿಸಿದನು. ಒಳಗಿದ್ದವರಾದರೋ, ಒಡೆದ ಭಾಗವನ್ನು ಅಚ್ಚುಕಟ್ಟಾದ ಕಿಂಡಿಯನ್ನಾಗಿ ಮಾಡಿ, ಉಳಿದ ಗೋಡೆಯನ್ನು ಹಾಗೆಯೇ ಇಟ್ಟುಕೊಂಡು, ಕನಕನನ್ನು ಹೊರಗಿಟ್ಟದ್ದರಿಂದಲೇ ಅಲ್ಲವೆ ಇಂಥ ಪವಾಡವಾಯಿತು ಎಂಬ ತೃಪ್ತಿಯಿಂದ ಆ ಕಥೆಯನ್ನು ಹೇಳಿಕೊಂಡು ಬಂದರು. ದೇವರು ಬೆನ್ನು ತೋರಿಸಿದ್ದು ತಮಗೆ ಎಂಬುದು ಹೇಳುವವರ ಅರಿವಿಗೆ ಬಾರದೆಯೇ ಹೋಯಿತು.

ಇಲ್ಲಿಗೆ ನನ್ನ ವಿಚಾರದ ಮೂಲಕ್ಕೆ ಬಂದಂತಾಯಿತು. ಕಷ್ಟವನ್ನುಂಡವನು, ಈ ಕಷ್ಟದಿಂದ ನಾನು ಬೆಳೆದೆನೆಂದು ಹೇಳಿದರೆ ಅದು ತಪಸ್ಸಿನ ಮಾತು; ಕಷ್ಟವನ್ನು ಕೊಟ್ಟವನು, ಅಥವಾ ಕೊಟ್ಟವನ ವಾರಸುದಾರನಾಗಿ ಅದರ ಫಲವನ್ನು ಉಣ್ಣುತ್ತಿರುವವನು, ಈ ಕಷ್ಟದಿಂದ ನೀನು ಬೆಳೆದೆಯಲ್ಲ ಎಂದು ಹೇಳಿದರೆ ಅದೇ ಮಾತು ಪಾತಕವಾಗುತ್ತದೆ. ಸ್ವತಃ ಕಿಂಗ್‌ರವರೇ, ಅನರ್ಹವಾಗಿ ಬಂದೊದಗಿದ ಸಂಕಟಕ್ಕೆ ಉದ್ಧಾರಕ ಶಕ್ತಿಯುಂಟೆಂದು ನಂಬಿದ್ದರು, ಹಾಗೆಂದು ಬರೆದರು, ಬೋಧಿಸಿದರು. ಸೆರೆಮನೆಯನ್ನು ಕಂಡವರು, ಮನೆಗೆ ಬಾಂಬು ಬಿದ್ದುದನ್ನು ಕಂಡವರು, ಎದೆಗೆ ಇರಿತವನ್ನುಂಡವರು ಅವರು. ಆ ಮಾತನ್ನಾಡುವ ಅಧಿಕಾರವನ್ನು ಮೈಯಿಂದ ಪಡೆದವರು. ಅವರನ್ನು ಸೆರೆಗೆ ಹಾಕಿದ ಬರ್ಮಿಂಗ್‌ಹ್ಯಾಮಿನ ಪೋಲೀಸು ಅಧಿಕಾರಿ ಅದನ್ನೇ ಆಡಿದ್ದರೆ?

ತಾರ್ಕಿಕನು ಇಲ್ಲಿ ಆಕ್ಷೇಪವೆತ್ತುವುದು ನ್ಯಾಯವೇ: ಮಾತು ಸತ್ಯವಾದರೆ ಯಾರಾಡಿದರೂ ಸತ್ಯ, ಮಿಥ್ಯೆಯಾದರೆ ಯಾರಾಡಿದರೂ ಮಿಥ್ಯೆ, ಆಡುವವನನ್ನು ನೋಡಿ ಸತ್ಯವು ಬದಲಾಗುವುದುಂಟೆ? ಬೆಂಕಿ ಸುಡುತ್ತದೆ ಎಂಬಂಥ ವಸ್ತುಸ್ಥಿತಿಯ ಮಾತುಗಳಿಗೆ ಈ ನಿಯಮ ನಿಸ್ಸಂಶಯವಾಗಿ ಸಲ್ಲುತ್ತದೆ. ಆದರೆ ಎಲ್ಲ ಮಾತುಗಳೂ ವಸ್ತುಸ್ಥಿತಿಯ ವರದಿಗಳಲ್ಲ. ಕ್ಷಮಿಸಿದೆನೆಂಬುದು ಒಂದು ಮಾತು. ಪೆಟ್ಟು ತಿಂದವನ ಹೊರತು ಬೇರೊಬ್ಬನು ಅದನ್ನಾಡಿದರೆ ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ, ಕೇವಲ ಶೂನ್ಯ. ಸಂಕಲ್ಪವೂ ಹಾಗೆಯೇ, ಪಶ್ಚಾತ್ತಾಪವೂ ಹಾಗೆಯೇ. ನನ್ನ ಕಷ್ಟವು ನನ್ನನ್ನು ಬೆಳೆಸಿತೆಂಬುದೂ ಈ ಜಾತಿಗೆ ಸೇರಿದ ಮಾತು. ಕಷ್ಟಕ್ಕೆ ತಾನು ಕೊಡಲಿರುವ ಅರ್ಥವನ್ನು ಅದರಲ್ಲಿ ಒಬ್ಬನು ಪಣವಾಗಿ ತೊಡುತ್ತಾನೆ. ಆ ಪಣವನ್ನು ಅವನ ಪರವಾಗಿ ತೊಡಬಲ್ಲವರು ಯಾರೂ ಇಲ್ಲ. ಇನ್ನು ವಸ್ತುಸ್ಥಿತಿಯ ಲೆಕ್ಕವನ್ನೇ ನೋಡುವುದಾದರೂ, 501ನೆಯ ಮನೆಯಿಂದ ಒಬ್ಬ ಮಾರ್ಟಿನ್ ಬಂದನೆಂದು ಹೇಳುವವರು ಎದುರಿನ ಸಾಲುಮನೆಗಳಿಂದ ಬಾರದೆ ಹೋದವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮೊಳೆಯದ ಬೀಜಕ್ಕೆ ಚರಿತ್ರೆಯಿಲ್ಲ. ಆದಕಾರಣ ಗೆರೆಯ ಲೆಕ್ಕಪುಸ್ತಕದಲ್ಲಿ ಜಮೆಯು ಮಾತ್ರ ಕಾಣುತ್ತದೆ, ಖರ್ಚು ಕಾಣದು.

ನಮ್ಮ ಕರ್ಮಸಿದ್ಧಾಂತಕ್ಕೂ ಇದೇ ಒರೆಗಲ್ಲು ಸಲ್ಲುತ್ತದೆಂಬುದು ನನ್ನ ದೃಢವಾದ ನಂಬುಗೆ. ರೋಗಶಯ್ಯೆಯಲ್ಲಿ ಮಲಗಿದವನು, ಇದು ನನ್ನ ಪ್ರಾರಬ್ಧ, ದೇವರನ್ನು ದೂರಲಾರೆ ಎಂದುಕೊಂಡರೆ ಆ ಮಾತು ಅವನಲ್ಲಿ ಧೈರ್ಯವನ್ನೂ ಶಾಂತಿಯನ್ನೂ ಹುಟ್ಟಿಸುತ್ತದೆ. ಅದೇ ಸಿದ್ಧಾಂತವನ್ನು ಕೇರಿಯ ಕಡೆಗೆ ಬೆರಳು ಮಾಡಿ, ಅವರು ಅಲ್ಲಿ ಹುಟ್ಟಿದ್ದು ಪೂರ್ವಕರ್ಮದ ಫಲವೆಂದು ಹೇಳಿದಾಗ ಅದು ಕಾಠಿಣ್ಯಕ್ಕೆ ಹೊದಿಸಿದ ಪಟ್ಟೆವಸ್ತ್ರವಾಗುತ್ತದೆ. ತನಗೆ ಹೇಳಿಕೊಂಡರೆ ಔಷಧಿ, ನೆರೆಯವನಿಗೆ ಹೇಳಿದರೆ ವಿಷ. ಇಂಥ ಸಿದ್ಧಾಂತವನ್ನು ಶಾಸ್ತ್ರಕಾರರು ಎಷ್ಟು ಎಚ್ಚರಿಕೆಯಿಂದ ಕೈಗೆ ಕೊಡಬೇಕಾಗಿತ್ತೋ ಅಷ್ಟು ಎಚ್ಚರಿಕೆಯಿಂದ ಕೊಡಲಿಲ್ಲ.

1934ರ ಜನವರಿ 15ರಂದು, ಅಟ್ಲಾಂಟಾದ ಬಾಲಕನಿಗೆ ಐದು ತುಂಬಿದ ದಿನವೇ, ಬಿಹಾರದಲ್ಲಿ ಭೂಕಂಪವಾಯಿತು. ಹರಿಜನಯಾತ್ರೆಯಲ್ಲಿದ್ದ ಗಾಂಧೀಜಿ ಅದನ್ನು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ವಿಧಿಸಿದ ದಂಡನೆಯೆಂದರು. ಪ್ರಕೃತಿಯ ನಿಯಮಕ್ಕೂ ನೀತಿಗೂ ಹೀಗೆ ಗಂಟು ಹಾಕುವುದು ವಿವೇಕಕ್ಕೆ ಅಪಚಾರವೆಂದು ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಪ್ರತಿಭಟಿಸಿದರು. ವಾದದಲ್ಲಿ ಠಾಕೂರರ ಪಕ್ಷವೇ ಸರಿ. ಸತ್ತವರಲ್ಲಿ ಅಸ್ಪೃಶ್ಯರೂ ಮಕ್ಕಳೂ ಇದ್ದರು. ಆದರೂ ಗಾಂಧೀಜಿಯ ತಪ್ಪಿನಲ್ಲಿ ಒಂದು ಘನತೆಯಿತ್ತೆಂದು ನನಗೆ ತೋರುತ್ತದೆ: ಕರ್ಮಫಲದ ಬೆರಳನ್ನು ಅವರು ತಮ್ಮ ಜನರ ಕಡೆಗೆ, ಸವರ್ಣರ ಕಡೆಗೆ, ತಿರುಗಿಸಿದರು. ಆ ವಾದ ಇನ್ನೂ ಬಿಸಿಯಾಗಿರುವಾಗಲೇ, ಫೆಬ್ರವರಿಯ ಕೊನೆಯಲ್ಲಿ, ಅವರು ಕಾರವಾರಕ್ಕೂ ಅಂಕೋಲೆಗೂ ಬಂದರು. ಪ್ರತಿವಾದಿಗೂ ಈ ಕಡಲು ಅಪರಿಚಿತವಲ್ಲ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ರವೀಂದ್ರನಾಥರು ಇಲ್ಲಿ ತಂಗಿದ್ದು 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದರು. ಲೋಕವನ್ನು ಜಯಿಸಿದೆನೆಂದುಕೊಂಡ ಸಂನ್ಯಾಸಿಯೊಬ್ಬನ ಬಳಿಗೆ, ಊರಿನವರೆಲ್ಲ ಮುಟ್ಟದೆ ದೂರವಿಟ್ಟ ಅನಾಥ ಬಾಲೆಯೊಬ್ಬಳು ಆಶ್ರಯ ಬೇಡಿ ಬರುತ್ತಾಳೆ. ಅವನ ವೈರಾಗ್ಯದ ಅಹಂಕಾರ ಕರಗುವುದು ಅವಳಿಂದ. ಬಾಗಿಲಿಲ್ಲದ ಮಗುವಿನ ಆ ಕಥೆ ರೂಪುಗೊಂಡದ್ದು ನಮ್ಮ ಕಾರವಾರದ ಕಡಲತಡಿಯಲ್ಲಿ ಎಂಬುದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ; ಅಭಿಮಾನದಲ್ಲಿಯೇ ನಿಲ್ಲುತ್ತೇವೆ ಎಂಬುದು ಕೊರತೆ.

ಬಾಗಿಲಿಲ್ಲದವರು ನಮ್ಮ ಬಳಿಯಲ್ಲಿಯೇ ಇದ್ದಾರೆ. ಅಂಕೋಲೆಯಿಂದ ಮೂಡಣಕ್ಕೆ ಹೊರಟು ಅರಬೈಲು ಘಟ್ಟವನ್ನೇರಿದರೆ ಯಲ್ಲಾಪುರ ಸೀಮೆ. ಆ ಕಾಡುಗಳಲ್ಲಿ, ಅಂಕೋಲೆ ತಾಲೂಕಿನ ಘಟ್ಟದ ಬುಡದಲ್ಲಿ, ಹಳಿಯಾಳ ಮುಂಡಗೋಡುಗಳಲ್ಲಿ ಸಿದ್ದಿಗಳು ವಾಸವಾಗಿದ್ದಾರೆ. ಇವರ ಪೂರ್ವಿಕರು ಆಫ್ರಿಕದ ಮೂಡಣ ಕರೆಯಿಂದ, ಬಹುಪಾಲು ಪೋರ್ತುಗೀಜರ ಗೋವೆಗೆ, ಗುಲಾಮರಾಗಿ ತರಲ್ಪಟ್ಟವರು; ತಪ್ಪಿಸಿಕೊಂಡೋ ಬಿಡುಗಡೆಹೊಂದಿಯೋ ಈ ಕಾಡುಗಳನ್ನು ಸೇರಿದವರು. ಆಬರ್ನ್ ಬೀದಿಯವರ ಪೂರ್ವಿಕರನ್ನು ಅಟ್ಲಾಂಟಿಕ್ ಕಡಲಿನಾಚೆಗೆ ಸಾಗಿಸಿದ ಕಾಲದಲ್ಲಿಯೇ ಇವರ ಪೂರ್ವಿಕರನ್ನು ನಮ್ಮ ಕಡಲಿಗೆ ಸಾಗಿಸಿದರು. ಇಲ್ಲಿ ಅವರು ಅಡಕೆ ತೋಟಗಳ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು, ಒಡೆಯರ ಸಾಲದಲ್ಲಿ ಸಿಲುಕಿ, ತಲೆಮಾರುಗಟ್ಟಲೆ ದುಡಿದರು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಂದು ಮೂರು ಮತಗಳಲ್ಲಿ ಹಂಚಿಹೋದರೂ, ಮೂವರಿಗೂ ಹಿರಿಯರ ಆರಾಧನೆಯೊಂದು ಉಳಿಯಿತು. ಹಿಂದೂ ಸಿದ್ದಿಯ ಮನೆಯಲ್ಲಿ ತೆಂಗಿನಕಾಯಿಯ ರೂಪದಲ್ಲಿ ಹಿರಿಯರನ್ನು ನೆಲೆಗೊಳಿಸುತ್ತಾರೆ, ವರ್ಷಕ್ಕೊಮ್ಮೆ ಎಡೆಯಿಟ್ಟು ಕರೆಯುತ್ತಾರೆ. ಯಲ್ಲಾಪುರ ತಾಲೂಕಿನ ಸಾತುಂಬೈಲಿನ ಕಾಡಿನಲ್ಲಿರುವ ಸಿದ್ದಿನಾಸವೆಂಬ ದೈವದ ನೆಲೆಗೆ ಮತಭೇದವನ್ನೆಣಿಸದೆ ಸಿದ್ದಿಗಳು ಸೇರುತ್ತಾರೆ.

ಇಲ್ಲಿ ಅಟ್ಲಾಂಟಾದ ಮನೆಯಂಥ ಮನೆ ಒಂದೂ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಮಣ್ಣಿನ ಗೋಡೆ, ಅಡಕೆ ಸೋಗೆಯ ಮಾಡು. ನಾಲ್ಕು ಮಳೆಗಾಲಕ್ಕೆ ಕರಗಿ ಕುಸಿದು ಮತ್ತೆ ಕಟ್ಟಬೇಕಾದದ್ದು. ಒಡೆಯನು ಏಳೆಂದರೆ ಎದ್ದು ಹೋಗಬೇಕಾದದ್ದು. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲ ಎಂಬ ಬಸವಣ್ಣನವರ ದರ್ಶನವನ್ನು ನಾವು ವೇದಿಕೆಗಳಲ್ಲಿ ಎಷ್ಟು ಸಲ ಕೇಳಿದ್ದೇವೆ. ಅದನ್ನು ಬದುಕಿ ತೋರಿಸಿದವರು, ಗುಡಿಸಲಿನಿಂದ ಗುಡಿಸಲಿಗೆ ಹಿರಿಯರನ್ನು ಎತ್ತಿಕೊಂಡು ನಡೆದ ಇವರು. ಊರಿನ ಹೆಸರು, ಮಾತೃಭಾಷೆ, ವಂಶಾವಳಿ, ಎಲ್ಲವೂ ಕಳೆದುಹೋದ ಮೇಲೆಯೂ, ನಮಗೆ ಹಿಂದಿನವರಿದ್ದರು, ಅವರು ಈ ಮನೆಯಲ್ಲಿದ್ದಾರೆ ಎಂಬಷ್ಟನ್ನು ಅವರು ಬಿಟ್ಟುಕೊಡಲಿಲ್ಲ. ನೀನು ಯಾರಿಗೂ ಕಡಿಮೆಯಲ್ಲವೆಂದು ಆಲ್ಬರ್ಟಾ ಮಗನಿಗೆ ಹೇಳಿದ್ದು ಇದನ್ನೇ ಎಂದು ನಾನು ತಿಳಿಯುತ್ತೇನೆ. ಈ ಆರಾಧನೆಯನ್ನು ಕಂಡು, ಗುಲಾಮಗಿರಿಯಿಲ್ಲದಿದ್ದರೆ ಇಂಥ ಸುಂದರ ಸಂಪ್ರದಾಯ ನಮ್ಮ ಜಿಲ್ಲೆಗೆ ಎಲ್ಲಿಂದ ಬರುತ್ತಿತ್ತು ಎಂದು ಮೆಚ್ಚಿಕೊಳ್ಳುವವರಿದ್ದಾರೆ, ಸಿದ್ದಿಗಳ ಡಮಾಮಿ ವಾದ್ಯದ ತಾಳಕ್ಕೆ ತಲೆದೂಗುವವರಿದ್ದಾರೆ. ಆ ಮೆಚ್ಚುಗೆಯು ಕಿಂಡಿಯನ್ನು ಮೆಚ್ಚಿ ಗೋಡೆಯನ್ನುಳಿಸಿಕೊಂಡವರ ಮೆಚ್ಚುಗೆಯೇ.

ಕಿಂಗ್‌ರವರು 1959ರಲ್ಲಿ ಭಾರತಕ್ಕೆ ಬಂದಾಗ, ತಿರುವನಂತಪುರದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ಶಾಲೆಯೊಂದರಲ್ಲಿ, ಅಮೆರಿಕದಿಂದ ಬಂದ ನಿಮ್ಮಂಥ ಅಸ್ಪೃಶ್ಯರೊಬ್ಬರೆಂದು ಮುಖ್ಯಾಧ್ಯಾಪಕರು ಅವರನ್ನು ಮಕ್ಕಳಿಗೆ ಪರಿಚಯಿಸಿದರು. ಪ್ರಧಾನಿಯೊಡನೆ ಊಟ ಮಾಡಿ ಬಂದ ಅತಿಥಿಗೆ ಒಂದು ಗಳಿಗೆ ಮನಸ್ಸು ಕುದಿಯಿತು. ಆಮೇಲೆ ತಮ್ಮ ದೇಶದಲ್ಲಿ ಎರಡು ಕೋಟಿ ಜನರು ಬಾಳುತ್ತಿದ್ದ ಬಗೆಯನ್ನು ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದುಕೊಂಡರೆಂದು ಅವರೇ 1965ರ ಉಪದೇಶವೊಂದರಲ್ಲಿ ಹೇಳಿದರು. ಇದು ಒಳಗಿನಿಂದ ಬಂದ ಮಾತು. ಹೊರಗಿನವರಾದ ನಮಗೆ, ಗೆರೆಯ ಈಚೆಗೆ ಹುಟ್ಟಿದವರಿಗೆ, ಆಡಲು ಉಳಿದಿರುವ ಮಾತು ಯಾವುದು? ಮೆಚ್ಚುಗೆಯಲ್ಲ, ಸಮಾಧಾನವಲ್ಲ, ಕರ್ಮದ ವ್ಯಾಖ್ಯಾನವಂತೂ ಅಲ್ಲ.

ಉತ್ತರಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿನ ಸದಸ್ಯರಾದರು. ಅಷ್ಟರ ಮಟ್ಟಿಗೆ ಸಂತೋಷವೇ. ಆದರೆ ಈ ಜಿಲ್ಲೆಯ ಕಾಡಿನಲ್ಲಿ ಬಾಳುವ ಬಡವನಿಗೆ ಕಚೇರಿಯ ಕಡತದಲ್ಲಿರುವ ಹೆಸರು ಇಂದಿಗೂ ಅತಿಕ್ರಮಣದಾರ. 2006ರ ಅರಣ್ಯಹಕ್ಕು ಕಾಯಿದೆಯ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ನೆಲದಲ್ಲಿದ್ದ ಬುಡಕಟ್ಟಿನವನಿಗೆ ಹಕ್ಕುಂಟು. ಇದ್ದನೆಂಬುದಕ್ಕೆ ಅವನು ಸಾಕ್ಷ್ಯವನ್ನು ಕೊಡಬೇಕು. ಆ ಕಾಯಿದೆಯ ನಿಯಮಗಳು ಯಾವುದನ್ನು ಸಾಕ್ಷ್ಯವೆಂದು ಒಪ್ಪುತ್ತವೆಂಬುದನ್ನು ಓದಿದಾಗ ನನಗೆ ಮನಸ್ಸು ತುಂಬಿಬಂತು. ಸರಕಾರಿ ದಾಖಲೆ, ನಕಾಶೆಗಳ ಜೊತೆಗೆ ಗುಡಿಸಲು, ಬಾವಿ, ಸುಡುಗಾಡು, ಪೂಜಾಸ್ಥಾನಗಳೂ ಅಲ್ಲಿವೆ. ಅರ್ಜಿದಾರನಲ್ಲದ ಹಿರಿಯರೊಬ್ಬರು ಹೇಳಿ ಬರೆಯಿಸಿದ ಹೇಳಿಕೆಯೂ ಇದೆ. ಸೋಗೆಯ ಮನೆ ಕರಗಿಹೋದರೂ ಹಿರಿಯರನ್ನು ಕರೆದು ಎಡೆಯಿಟ್ಟ ನೆಲವು ಸಾಕ್ಷ್ಯವಾಗಬಲ್ಲದು.

ಆ ಹೇಳಿಕೆಯನ್ನು ಬರೆಯಿಸಬಲ್ಲ ಹಿರಿಯರು ಸಿದ್ದಿಗಳಲ್ಲಿಯೇ ಇರಬೇಕೆಂದೇನೂ ಇಲ್ಲ. ಯಾರ ತೋಟದ ಅಂಚಿನಲ್ಲಿ ಆ ಗುಡಿಸಲು ಇದ್ದಿತೋ, ಯಾರ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಆ ಜನರ ಸಾಲ ನಮೂದಾಗಿ ಉಳಿದಿದೆಯೋ, ಆ ಮನೆತನಗಳ ವೃದ್ಧರು ಇನ್ನೂ ಬದುಕಿದ್ದಾರೆ. ಅವರು ಗ್ರಾಮಸಭೆಗೆ ಬಂದು,
ನಮ್ಮ ಅಜ್ಜನ ಕಾಲದಲ್ಲಿಯೇ ಇವರು ಇಲ್ಲಿದ್ದರು, ನಮ್ಮ ತೋಟವನ್ನು ಬೆಳೆಸಿದವರು ಇವರೇ ಎಂದು ಹೇಳಿ, ಬರೆದುಕೊಂಡದ್ದನ್ನು ಓದಿಸಿ ಕೇಳಿ, ಕೆಳಗೆ ತಮ್ಮ ಹೆಸರು ಹಾಕಬಹುದು.